ಅಣ್ಣನಿಗೆ ಒಂದು, ಗಿರಾಕಿಗೆ ಮೂರು

ಆ ಸ್ಟುಡಿಯೋದಲ್ಲಿ ಬೆಳಕನ್ನು ಅಳೆಯುತ್ತಿದ್ದದ್ದು ಹಳೇ ದಿನಸಿ ಅಂಗಡಿಯ ಮಾತಿನಲ್ಲಿ. ಪೂರ, ಅರ್ಧ, ಕಾಲು, ಅರೆಕಾಲು, ವೀಸ. ಫ್ಲಾಶ್ ದೀಪದ ಬೆನ್ನ ಮೇಲೆ ಒಂದರ ಕೆಳಗೆ ಎರಡು, ನಾಲ್ಕು, ಎಂಟು, ಹದಿನಾರು ಎಂದು ಅಂಕಿಗಳು ಇದ್ದೇ ಇರುತ್ತವೆ. ಅದನ್ನು ಯಾರು ಓದುತ್ತಾ ಕೂರುತ್ತಾರೆ? ಅಪ್ಪ ಕಲಿಸಿದ್ದು ವೀಸ, ಮಕ್ಕಳ ಬಾಯಿಗೆ ಬಂದದ್ದೂ ವೀಸ. ಅಣ್ಣ ಕ್ಯಾಮೆರಾದ ಹಿಂದೆ ನಿಂತು "ದೊಡ್ಡದು ಕಾಲು, ಚಿಕ್ಕದು ವೀಸ" ಎಂದು ಕೂಗುವುದು, ತಂಗಿ ದೀಪದಿಂದ ದೀಪಕ್ಕೆ ಓಡಿ ತಿರುಪು ತಿರುಗಿಸಿ ಬರುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಬೀದಿಯಲ್ಲಿ ಅವಳಿಗೆ ಲೈಟಮ್ಮ ಎಂದೇ ಹೆಸರು. ಅಣ್ಣನಿಗೂ ಒಂದು ಹೆಸರಿತ್ತು, ಅದು ಬೆನ್ನ ಹಿಂದಿನದು: ಗದರಪ್ಪ. ಫೋಟೋಕ್ಕೆ ಕೂತವರನ್ನು ಅವನು ಗದರದೆ ಬಿಟ್ಟದ್ದಿಲ್ಲ. ಗಲ್ಲ ಎತ್ತು ಅಂದರೆ ಆಕಾಶ ನೋಡು ಅಂತಲ್ಲ, ಭುಜ ಇಳಿಸು ಅಂದರೆ ಕುಸಿದು ಬೀಳು ಅಂತಲ್ಲ ಎಂದು ಗದರಿ ಗದರಿ, ಗಿರಾಕಿಗೆ ತನ್ನ ಮುಖದ ಚಿಂತೆಯೇ ಮರೆತುಹೋದ ಗಳಿಗೆಯಲ್ಲಿ ಒತ್ತಿಬಿಡುತ್ತಿದ್ದ. ಬೈಸಿಕೊಂಡವರೇ ತಮ್ಮ ಮಕ್ಕಳನ್ನು ಕರೆದುಕೊಂಡು ಮತ್ತೆ ಬರುತ್ತಿದ್ದರು.

ಆಮೇಲೆ ಟ್ರಿಗರ್ ಬಂತು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಕ್ಯಾಮೆರಾದ ನೆತ್ತಿಯ ಮೇಲೆ ಕೂರುತ್ತದೆ. ಅದರ ಚಕ್ರ ತಿರುಗಿಸಿದರೆ ಕೋಣೆಯ ಆ ತುದಿಯಲ್ಲಿರುವ ದೀಪದ ಜೋರು ತಾನಾಗಿ ಏರುತ್ತದೆ, ಇಳಿಯುತ್ತದೆ. ತಂತಿಯಿಲ್ಲ, ಓಡಾಟವಿಲ್ಲ. ಅವತ್ತು ಲೈಟಮ್ಮ, ಇನ್ನು ತನಗೇನು ಕೆಲಸ ಎಂದು ಅತ್ತಿಗೆಯ ಮುಂದೆ ಹೇಳಿಕೊಂಡಿದ್ದಳು. ಅಣ್ಣನ ಕಿವಿಗೆ ಅದು ಬಿದ್ದು, ದೀಪ ಎಲ್ಲಿಡಬೇಕು ಅಂತ ಈ ಪೊಟ್ಟಣ ಹೇಳುತ್ತದೆಯೇ, ಸ್ಟ್ಯಾಂಡು ಎತ್ತಿಡುತ್ತದೆಯೇ ಎಂದು ಅವಳನ್ನೂ ಒಂದು ಸುತ್ತು ಗದರಿದ್ದ. ಅಲ್ಲಿಗೆ ಅವಳಿಗೆ ಸಮಾಧಾನವಾಗಿತ್ತು.

ಅದಾಗಿ ಎರಡು ವರ್ಷಕ್ಕೆ ಅಣ್ಣನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಚ್ಚಲ ಗೋಡೆಗೆ ಒರಗಿ ಜಾರಿದ. ಎಡಗೈ, ಎಡಗಾಲು ಸತ್ತಂತಾದವು. ಜೀವ ಉಳಿಯಿತು, ಮಾತು ಉಳಿಯಿತು. ಆದರೆ ಮಾತಿನ ಏರಿಳಿತ ಉಳಿಯಲಿಲ್ಲ. ಗಾಡಿ ತಡವಾಗಿದೆ ಎಂದು ರೈಲು ನಿಲ್ದಾಣದಲ್ಲಿ ಹೇಳುತ್ತಾರಲ್ಲ, ಅನ್ನ ಬೇಕು ಎನ್ನುವುದನ್ನೂ ಅಣ್ಣ ಆ ದನಿಯಲ್ಲೇ ಹೇಳತೊಡಗಿದ. ನಗು, ಸಿಟ್ಟು, ಗದರಿಕೆ ಎಲ್ಲಕ್ಕೂ ಒಂದೇ ಮಟ್ಟ.

ಇನ್ನೊಂದು ವಿಷಯ ತಿಳಿಯಲು ತಿಂಗಳುಗಳೇ ಹಿಡಿದವು. ಅಣ್ಣನ ಪಾಲಿಗೆ ಲೋಕದ ಎಡಭಾಗವೇ ಇರಲಿಲ್ಲ. ಅತ್ತಿಗೆ ಅವನ ಎಡಕ್ಕೆ ಕೂತು ಏನಾದರೂ ಕೇಳಿದರೆ ಉತ್ತರವಿಲ್ಲ, ಎದ್ದು ಬಲಕ್ಕೆ ಬಂದು ಕೇಳಿದರೆ "ಯಾವಾಗ ಬಂದೆ" ಎನ್ನುತ್ತಿದ್ದ. ಗಡ್ಡ ಬೋಳಿಸಿಕೊಂಡರೆ ಅರ್ಧ ಗಲ್ಲ ಹಾಗೇ ಉಳಿಯುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಬಿಡಿಸಿ ಹೇಳಿದಳು: ಕಣ್ಣಿಗೆ ಏನೂ ಆಗಿಲ್ಲ, ಎಡ ಅಂತ ಒಂದಿದೆ ಎನ್ನುವುದನ್ನೇ ತಲೆ ಮರೆತಿದೆ. ಇಲ್ಲದ್ದು ಇಲ್ಲ ಅಂತ ಇವರಿಗೆ ಗೊತ್ತೂ ಆಗುವುದಿಲ್ಲ, ನೀವು ಹೇಳಿದರೆ ನಿಮಗೇ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಲೈಟಮ್ಮ ನೆಲದ ಕಲ್ಲುಗಳನ್ನು ನೋಡುತ್ತಿದ್ದಳು. ಅಡ್ಡಕ್ಕೆ ಹನ್ನೊಂದು, ಉದ್ದಕ್ಕೆ ಹದಿನಾಲ್ಕು. ಆಸ್ಪತ್ರೆಯಲ್ಲೂ ಅವಳಿಗೆ ಅಳು ಬಂದಿರಲಿಲ್ಲ. ಬರುತ್ತದೆ, ಬಂದಾಗ ನೋಡೋಣ ಎಂದುಕೊಂಡಿದ್ದಳು. ಅದು ಬರಲಿಲ್ಲ. ಎದ್ದು, ಕೆಲಸ ಮಾಡಿ, ಉಂಡು, ಮಲಗುತ್ತಿದ್ದಳು. ಯಾರಾದರೂ ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀವಿ ಎನ್ನುತ್ತಿದ್ದಳು, ಅದು ಸುಳ್ಳು ಅಂತಲೂ ಅನಿಸುತ್ತಿರಲಿಲ್ಲ.

ಮನೆ ಇರುವುದು ಸ್ಟುಡಿಯೋದ ಹಿಂಬದಿಗೆ, ನಡುವೆ ಒಂದೇ ಬಾಗಿಲು. ಐದು ತಿಂಗಳು ಅಣ್ಣ ಆ ಬಾಗಿಲು ದಾಟಲಿಲ್ಲ. ಹಾಸಿಗೆಯ ಮೇಲೆ ಗೋಡೆಯತ್ತ ಮುಖ ಮಾಡಿ ಕೂತಿರುತ್ತಿದ್ದ. ಕ್ಯಾಮೆರಾ ಈಗ ತಂಗಿಯ ಕೈಗೆ ಬಂದಿತ್ತು. ಅತ್ತಿಗೆ ಮುಂದೆ ಕೂತು ಫೋಟೋ ಕತ್ತರಿಸಿ ಲಕೋಟೆಗೆ ಹಾಕುತ್ತಿದ್ದಳು. ಒಂದು ದಿನ ಇಬ್ಬರೂ ಸೇರಿ ಅವನನ್ನು ಗಾಲಿಕುರ್ಚಿಯಲ್ಲಿ ಸ್ಟುಡಿಯೋಗೆ ತಂದರು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಒಂದೇ ಕೈಯಲ್ಲಿ ತೆಗೆಯಲಿ ಎಂದು ನೋಡಿದರು. ತೆಗೆದ ಎಲ್ಲ ಫೋಟೋದಲ್ಲೂ ಗಿರಾಕಿಯ ಒಂದು ಭುಜ ಚೌಕಟ್ಟಿನ ಆಚೆ. ಅದನ್ನು ಬಿಟ್ಟುಕೊಡಬೇಕಾಯಿತು.

ಆಗ ಲೈಟಮ್ಮನಿಗೆ ಹೊಳೆದದ್ದು ಫೋನು. ಟ್ರಿಗರನ್ನು ಫೋನಿಗೆ ಜೋಡಿಸಬಹುದು. ಫೋನಿನ ಪರದೆಯ ಮೇಲೆ ಮೂರು ಸಾಲು, ಮೂರು ದೀಪ. ಬೆರಳಿನಿಂದ ಏರಿಸಿದರೆ ಅಲ್ಲಿ ದೀಪ ಏರುತ್ತದೆ. ಅಣ್ಣನ ಬಲಗೈ ಸರಿಯಾಗಿಯೇ ಇತ್ತು. ಅವನನ್ನು ಕ್ಯಾಮೆರಾದ ಪಕ್ಕದಲ್ಲಿ ಕೂರಿಸಿ, ಕೈಗೆ ಫೋನು ಕೊಟ್ಟು, ಎದುರಿಗೆ ಲ್ಯಾಪ್‌ಟಾಪ್ ಇಟ್ಟಳು. ತೆಗೆದ ಫೋಟೋ ಅದರ ಮೇಲೆ ಬರುವಂತೆ ಮಾಡಿದಳು. ಅಣ್ಣ ನೋಡಿದ. ಬೆರಳು ಆಡಿಸಿದ. "ದೊಡ್ಡದು ಅರ್ಧ" ಎಂದ. ಐದು ತಿಂಗಳಿಗೆ, ಯಾರೂ ಕೇಳದೇ ಅವನು ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಅಲ್ಲಿಂದ ಅಣ್ಣ ದಿನಾ ಬೆಳಿಗ್ಗೆ ಶರಟು ಕೇಳತೊಡಗಿದ.

ತೊಂದರೆ ಎರಡನೇ ದಿನಕ್ಕೇ ಗೊತ್ತಾಯಿತು. ದೊಡ್ಡ ದೀಪ ಇರುವುದು ಕ್ಯಾಮೆರಾದ ಎಡಕ್ಕೆ, ಮುಖದ ಆ ಕಡೆ ಬೆಳಕು ಜಾಸ್ತಿ, ಈ ಕಡೆ ನೆರಳು. ಅಣ್ಣನಿಗೆ ಕಾಣುವುದು ನೆರಳಿನ ಕಡೆ ಮಾತ್ರ. ಅವನ ಲೆಕ್ಕದಲ್ಲಿ ಅಷ್ಟೇ ಮುಖ. ಕತ್ತಲಾಗಿದೆ ಎಂದು ದೊಡ್ಡದನ್ನು ಏರಿಸುತ್ತಿದ್ದ. ಅರ್ಧ ಮಾಡುತ್ತಿದ್ದ, ಪೂರ ಮಾಡುತ್ತಿದ್ದ. ಪರದೆಯ ಬಲಕ್ಕಿದ್ದ ಕೆನ್ನೆ ತಿಳಿಯಾಗುವ ಹೊತ್ತಿಗೆ ಎಡಕ್ಕಿದ್ದ ಕೆನ್ನೆ, ಕಿವಿ ಎಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ ಅಳಿಸಿಹೋಗಿರುತ್ತಿದ್ದವು. "ಈಗ ಸರಿಯಾಯ್ತು" ಎನ್ನುತ್ತಿದ್ದ ಅಣ್ಣ.

ಮೊದಲ ಸಲ ಅವಳು ಹೇಳಹೋದಳು. ಎಡಗಡೆ ಸುಟ್ಟುಹೋಗಿದೆ ಅಣ್ಣಾ ಎಂದಳು. ಅವನು ಪರದೆ ನೋಡಿದ, ಅವಳನ್ನು ನೋಡಿದ, ಎಲ್ಲಿ ಎಂದ. ತೋರಿಸಿದಳು. ಅವಳ ಬೆರಳು ಪರದೆಯ ನಡುವೆ ದಾಟುತ್ತಲೇ ಅವನ ಕಣ್ಣು ಅದನ್ನು ಕೈಬಿಟ್ಟಿತು. ಅವನು ಫೋನನ್ನು ತೊಡೆಯ ಮೇಲಿಟ್ಟು, ಒಳಗೆ ಕರ್ಕೊಂಡು ಹೋಗು ಎಂದ. ಆ ದಿನ, ಮರುದಿನ ಮತ್ತೆ ಗೋಡೆ. ಅತ್ತಿಗೆ ರಾತ್ರಿ ಊಟ ಬಡಿಸುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು: "ಅಲ್ಲಿ ಕೂತಾಗ ಮಾತ್ರ ಅವರು ಮನುಷ್ಯರ ಥರ ಇರ್ತಾರೆ. ನಿನ್ನ ಕಾಲಿಗೆ ಬೀಳ್ತೀನಿ ಕಣೆ, ಅದೊಂದನ್ನ ಕೆಡಿಸ್ಬೇಡ."

ಹೀಗೆ ಒಂದು ಪದ್ಧತಿ ಹುಟ್ಟಿತು. ಅಣ್ಣ ಹೇಳಿದ ಬೆಳಕಿನಲ್ಲಿ ಒಂದು ಫೋಟೋ. ಅದು ಲ್ಯಾಪ್‌ಟಾಪಿನ ಮೇಲೆ ಬರುತ್ತದೆ, ಅವನು ನೋಡಿ ತಲೆಯಾಡಿಸುತ್ತಾನೆ, ಅವಳು ಚೆನ್ನಾಗಿದೆ ಎನ್ನುತ್ತಾಳೆ, ಅವನು ಫೋನು ಕೆಳಗಿಡುತ್ತಾನೆ. ಆಮೇಲೆ ಅವಳು ಫೋಟೋ ಲ್ಯಾಪ್‌ಟಾಪಿಗೆ ಹೋಗದಂತೆ ಮಾಡಿ, ಹೆಬ್ಬೆರಳಿನಿಂದ ಟ್ರಿಗರಿನ ಚಕ್ರ ತಿರುಗಿಸಿ ದೊಡ್ಡದನ್ನು ಕಾಲಿಗೆ ಇಳಿಸುತ್ತಾಳೆ. ನೆರಳಿನ ಕಡೆ ಇರುವ ಚಿಕ್ಕದನ್ನು ಬೇಕಾದಷ್ಟು ಏರಿಸುತ್ತಾಳೆ. ಮೂರು ಫೋಟೋ ಹೊಡೆಯುತ್ತಾಳೆ. ಮತ್ತೆ ಚಕ್ರ ತಿರುಗಿಸಿ ಎಲ್ಲವನ್ನೂ ಅಣ್ಣ ಇಟ್ಟಲ್ಲಿಗೇ ತಂದು ನಿಲ್ಲಿಸುತ್ತಾಳೆ, ಅವನು ಫೋನು ಎತ್ತಿದಾಗ ಅವನ ಅಂಕಿಯೇ ಇರಬೇಕು. ಜೋರು ಬದಲಾದಾಗಲೆಲ್ಲ ದೀಪಗಳು ಕೀಂ ಎನ್ನುತ್ತಿದ್ದವು, ಆ ಸದ್ದನ್ನೂ ಮೊದಲೇ ಬಂದ್ ಮಾಡಿದ್ದಳು. ಅಣ್ಣನಿಗೆ ಒಂದು, ಗಿರಾಕಿಗೆ ಮೂರು. ನಾಲ್ಕು ತಿಂಗಳು ಕಳೆದವು, ಒಂದು ದಿನವೂ ತಪ್ಪಲಿಲ್ಲ. ಅವಳಿಗೆ ಅದರಲ್ಲಿ ಪಾಪಪ್ರಜ್ಞೆಯೂ ಇರಲಿಲ್ಲ, ಜಾಣತನದ ಹೆಮ್ಮೆಯೂ ಇರಲಿಲ್ಲ. ಗುಳಿಗೆ ನುಂಗಿಸಿದ ಹಾಗೆ ಅದೂ ಒಂದು ಕೆಲಸ. ಹೆಬ್ಬೆರಳು ತನ್ನಷ್ಟಕ್ಕೆ ತಾನು ಮಾಡಿಕೊಂಡು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಬಸ್ ಡ್ರೈವರ್ರು ಬಂದರು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ಆ ವಾರವೇ ನಿವೃತ್ತಿ. ಇಸ್ತ್ರಿ ಮಾಡಿದ ಸಮವಸ್ತ್ರ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು. ತಮ್ಮ ಮದುವೆಯ ಫೋಟೋವನ್ನು ಇಲ್ಲೇ ತೆಗೆಸಿದ್ದಂತೆ. ಅವತ್ತು ಗದರಪ್ಪ ಬೈದ ಬೈಗುಳಕ್ಕೆ ಮದುಮಗಳು ನಕ್ಕುಬಿಟ್ಟಳಂತೆ, ಅವಳು ಹಾಗೆ ನಕ್ಕಿರುವ ಫೋಟೋ ಮನೆಯಲ್ಲಿ ಅದೊಂದೇ ಅಂತೆ. ಈಗ ಅವಳಿಲ್ಲ. ಅದರ ಪಕ್ಕದಲ್ಲಿ ತಮ್ಮದೊಂದು ಹಾಕಬೇಕು, ಅದೂ ಅದೇ ಕೈಯಿಂದ ಆಗಬೇಕು. ಇದನ್ನೆಲ್ಲ ಅವರು ಮುಂದೆ ಕೂತ ಅತ್ತಿಗೆಗೆ ಒಂದೇ ಉಸಿರಿಗೆ ಹೇಳಿದರು. ಅತ್ತಿಗೆ, ನಮ್ಮ ಯಜಮಾನ್ರೇ ಬೆಳಕು ನೋಡ್ಕೋತಾರೆ, ಒಳಗೆ ಬನ್ನಿ ಎಂದಳು.

ಡ್ರೈವರ್ರು ಸ್ಟೂಲಿನ ಮೇಲೆ ಕೂತರು. ಕೂತವರೇ ಸ್ಟೇರಿಂಗ್ ಹಿಡಿಯುವ ಹಾಗೆ ಎರಡೂ ಕೈ ಮುಂದಿಟ್ಟರು, ಆಮೇಲೆ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟರು. ಅಣ್ಣ ಫೋನಿನ ಮೇಲೆ ಬೆರಳು ಆಡಿಸುತ್ತಿದ್ದ.

"ಏನ್ ಸ್ವಾಮಿ, ಬೈಯಲ್ವಾ? ಬೈಸ್ಕೊಳ್ಳೋಕೆ ಅಂತ ರಜಾ ಹಾಕಿ ಬಂದಿದ್ದೀನಿ ನಾನು."

"ಗಲ್ಲ ಸ್ವಲ್ಪ ಕೆಳಗೆ" ಎಂದ ಅಣ್ಣ, ಗಾಡಿ ತಡವಾದ ದನಿಯಲ್ಲಿ. ಡ್ರೈವರ್ರ ನಗು ಅರ್ಧದಲ್ಲೇ ನಿಂತಿತು. ಗಾಲಿಕುರ್ಚಿಯನ್ನೂ ಮಡಿಲಲ್ಲಿ ಬಿದ್ದಿದ್ದ ಎಡಗೈಯನ್ನೂ ಆಗ ನೋಡಿದರು. ಗಲ್ಲ ಕೆಳಗೆ ಮಾಡಿದರು.

ಅಣ್ಣನಿಗೆ ಒಂದು ಆಯಿತು. ದೊಡ್ಡದು ಪೂರ, ಚಿಕ್ಕದು ವೀಸ. ಅಣ್ಣ ಪರದೆ ನೋಡಿದ, ತಲೆಯಾಡಿಸಿದ, ಫೋನು ಕೆಳಗಿಟ್ಟ. ಲೈಟಮ್ಮ ಹೆಬ್ಬೆರಳು ಆಡಿಸಿದಳು, ಮೂರರಲ್ಲಿ ಮೊದಲನೆಯದು ಹೊಡೆದಳು. ಕಣ್ಣು ಮುಚ್ಚಿದಿರಿ, ಇನ್ನೊಮ್ಮೆ ಎಂದಳು.

"ಅಲ್ಲಮ್ಮಾ, ಇದೇನು" ಎಂದರು ಡ್ರೈವರ್ರು. "ಅವರು ಜೋರು ಮಾಡಿದ್ದನ್ನ ನೀನ್ಯಾಕೆ ಕಮ್ಮಿ ಮಾಡ್ತಿದ್ದೀಯ?"

ಫ್ಲಾಶ್ ಪೆಟ್ಟಿಗೆಯ ಒಳಗೆ ಸದಾ ಉರಿಯುವ ಒಂದು ಸಣ್ಣ ದೀಪ ಇರುತ್ತದೆ, ಬೆಳಕು ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಲಿಕ್ಕೆ. ಫ್ಲಾಶಿನ ಜೋರು ಇಳಿದರೆ ಅದೂ ಮಂಕಾಗುತ್ತದೆ. ಕೀಂ ಎನ್ನುವ ಸದ್ದು ನಿಲ್ಲಿಸಿದ್ದ ಲೈಟಮ್ಮ ಇದರ ಗೋಜಿಗೆ ಹೋಗಿರಲಿಲ್ಲ. ಅಣ್ಣನ ಎಡಕ್ಕಿರುವ ದೀಪ, ಅವನ ಕಣ್ಣಿಗೆ ಹೇಗೂ ಬೀಳುವುದಿಲ್ಲ. ಉಳಿದ ಗಿರಾಕಿಗಳೆಲ್ಲ ತಮ್ಮ ಮುಖದ ಚಿಂತೆಯಲ್ಲಿ ಇರುವವರು. ಇವರು ಮೂವತ್ತನಾಲ್ಕು ವರ್ಷ ಮೂರು ಕನ್ನಡಿಯ ಮೇಲೆ ಕಣ್ಣಿಟ್ಟುಕೊಂಡೇ ಮುಂದೆ ನೋಡಿದವರು.

"ಅವರು ಬೆರಳು ಇಟ್ಟಾಗ ಇದು ಬೆಳಗಿತು" ಎಂದು ಡ್ರೈವರ್ರು ದೀಪದತ್ತ ಕೈ ತೋರಿಸಿದರು. "ನಿನ್ನ ಹೆಬ್ಬೆಟ್ಟು ಆಡಿದಾಗ ಮಂಕಾಯ್ತು. ಏನೋ ಕೆಟ್ಟಿರ್ಬೇಕು ನೋಡು ಅಂತ..." ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಬ್ರೇಕು ಒತ್ತಬೇಕಾದ ಜಾಗ ದಾಟಿಹೋಗಿದೆ ಎಂದು ಅವರಿಗೂ ಗೊತ್ತಾಗಿತ್ತು.

ಲೈಟಮ್ಮನ ಕೈ ಕ್ಯಾಮೆರಾದ ಮೇಲೇ ಇತ್ತು. ಏನಾದರೂ ಹೇಳಬಹುದಿತ್ತು. ಟ್ರಿಗರ್ ಹಳೇದಾಗಿದೆ, ತಾನಾಗಿ ಇಳಿಯುತ್ತದೆ ಅಂದಿದ್ದರೆ ಮುಗಿಯುತ್ತಿತ್ತು. ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಕತ್ತರಿ ಹಾಗೇ ಇತ್ತು.

ಅಣ್ಣ ಫೋನು ಎತ್ತಿದ. ದೊಡ್ಡದು ಕಾಲು ಎಂದು ತೋರಿಸುತ್ತಿತ್ತು.

"ನೀನು ತೆಗೆದದ್ದು ತೋರ್ಸು" ಎಂದ.

ಅವಳು ತೋರಿಸಿದಳು. ಕತ್ತಲು ಎಂದ. ತನ್ನದು ತೋರಿಸಲು ಹೇಳಿದ. ತೋರಿಸಿದಳು. ಇದು ಸರಿ ಇದೆಯಲ್ಲ ಎಂದ. ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ತಂಗಿ ತನ್ನ ಮಾತಿಗೆ ಉತ್ತರ ಕೊಡದೆ ನಿಂತದ್ದು ಅವನಿಗೆ ಹೊಸದು. ಮತ್ತೆ ಪರದೆಯ ಕಡೆ ತಿರುಗಿದ. ಡ್ರೈವರ್ರು ಇನ್ನೂ ಗಲ್ಲ ಕೆಳಗೆ ಮಾಡಿಕೊಂಡೇ ಕೂತಿದ್ದರು.

"ತಲೆಕೆಳಗು ಮಾಡು" ಎಂದ ಅಣ್ಣ.

ಅಪ್ಪನ ಕಾಲದ ಮರದ ಕ್ಯಾಮೆರಾದಲ್ಲಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರೆ ಗಾಜಿನ ಮೇಲೆ ಜನ ತಲೆಕೆಳಗಾಗಿ ಕಾಣುತ್ತಿದ್ದರು. ಅಣ್ಣ ಬೆಳಕು ಕಲಿತದ್ದು ಹಾಗೆ. ಮುಖ ನೆಟ್ಟಗಿದ್ದರೆ ಮುಖವೇ ನಮ್ಮನ್ನು ಮರುಳು ಮಾಡುತ್ತದೆ, ತಲೆಕೆಳಗಾದರೆ ಉಳಿಯುವುದು ಬೆಳಕು ನೆರಳು ಎರಡೇ ಎಂದು ಅಪ್ಪ ಹೇಳುತ್ತಿದ್ದರಂತೆ. ಅನುಮಾನ ಬಂದಾಗ ಫೋಟೋವನ್ನು ತಿರುಗಿಸಿ ಹಿಡಿದು ನೋಡುವ ಅಭ್ಯಾಸ ಅಣ್ಣನಿಗೆ ಆಮೇಲೂ ಇತ್ತು. ಲಕ್ವ ಹೊಡೆದ ಮೇಲೆ ಅನುಮಾನವೇ ಬಂದಿರಲಿಲ್ಲ, ಹಾಗಾಗಿ ಕೇಳಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೆ ತಿರುಗಿಸುತ್ತಿದ್ದೆನೇ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಫೋಟೋ ತಿರುಗಿಸುವ ಗುಂಡಿಯನ್ನು ಎರಡು ಸಲ ಒತ್ತಿದಳು. ಡ್ರೈವರ್ರು ಪರದೆಯ ಮೇಲೆ ತಲೆ ಕೆಳಗಾಗಿ ನಿಂತರು. ಎಡಕ್ಕೆ ಇದ್ದದ್ದೆಲ್ಲ ಬಲಕ್ಕೆ ಬಂತು.

ಅಲ್ಲಿ ಕಿವಿ ಇರಲಿಲ್ಲ. ಕೆನ್ನೆ ಇರಲಿಲ್ಲ. ಬೆಳ್ಳಗೆ ಒಂದು ಜಾಗ ಇತ್ತು, ಅದರ ನಡುವೆ ಅರ್ಧ ಮೀಸೆ.

ಅಣ್ಣ ನೋಡಿದ. ಅವನ ಮುಖದಲ್ಲಿ ಏನೂ ಆಗಲಿಲ್ಲ, ಆಗುವ ಮುಖವೂ ಅದಲ್ಲ ಈಗ. ಬಲಗೈ ಮಾತ್ರ ಫೋನನ್ನು ತೊಡೆಯ ಮೇಲೆ ಒಂದು ಸಲ ಹಿಂದೆ, ಒಂದು ಸಲ ಮುಂದೆ ಸರಿಸಿತು.

"ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ಎಲ್ಲಾದೂ ಹೀಗೇನಾ?"

"ಎಲ್ಲಾದೂ."

"ನೀನು ನೋಡಿ ನೋಡಿ ಚೆನ್ನಾಗಿದೆ ಅಂತಿದ್ದೆ."

"ಹೂಂ."

"ಗಿರಾಕಿಗೆ ಹೇಳ್ತೀವಲ್ಲ, ಹಾಗೆ" ಎಂದ ಅಣ್ಣ. "ನನ್ನೂ ಗಿರಾಕಿ ಮಾಡ್ಬಿಟ್ಟೆ."

ದನಿ ಏರಲಿಲ್ಲ. ಅವನು ಗದರಿದ್ದರೆ, ಫೋನನ್ನು ಗೋಡೆಗೆ ಎಸೆದಿದ್ದರೆ ಅವಳಿಗೆ ಏನಾದರೂ ಅನಿಸುತ್ತಿತ್ತೋ ಏನೋ. ಈ ಒಂದೇ ಮಟ್ಟದ ಮಾತು ಎಲ್ಲಿ ತಾಗಿತು ಎಂದು ತಿಳಿಯಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯಂತೆ, ಕೀಳುತ್ತಿದ್ದಾರೆ ಅಂತ ಗೊತ್ತು, ನೋವಿಲ್ಲ. ಇನ್ನು ಒಳಗೆ ಕರ್ಕೊಂಡು ಹೋಗು ಅನ್ನುತ್ತಾನೆ ಎಂದುಕೊಂಡಳು. ಬಾಗಿಲಲ್ಲಿದ್ದ ಅತ್ತಿಗೆಯೂ ಅದನ್ನೇ ಅಂದುಕೊಂಡಿರಬೇಕು, ಬಾಗಿಲಿಗೆ ಅಡ್ಡವಾಗಿದ್ದವಳು ಕುರ್ಚಿಗೆ ದಾರಿಯಾಗಲಿ ಎಂದು ಪಕ್ಕಕ್ಕೆ ಸರಿದಳು.

ಡ್ರೈವರ್ರು ಮೆಲ್ಲಗೆ, ಇನ್ನೊಂದು ದಿನ ಬರುತ್ತೇನೆ ಎಂದರು. ಅಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯ ಮೇಲಿನ ಬಿಳಿ ಜಾಗವನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಎಷ್ಟು ಹೊತ್ತೆಂದರೆ ಲ್ಯಾಪ್‌ಟಾಪು ನಿದ್ದೆಗೆ ಜಾರಿ ಪರದೆ ಕಪ್ಪಾಯಿತು, ಲೈಟಮ್ಮ ಕೈಯಾಡಿಸಿ ಅದನ್ನು ಎಬ್ಬಿಸಬೇಕಾಯಿತು.

"ಇನ್ಮೇಲೆ ಎರಡು ಸಲ ತೋರ್ಸು. ಮೊದಲು ತಲೆಕೆಳಗೆ, ಆಮೇಲೆ ನೆಟ್ಟಗೆ" ಎಂದ. ಫೋನು ಎತ್ತಿದ. "ಕಾಲು ಮಾಡಿದ್ದೀಯ ನೀನು. ನಾನು ಅರ್ಧದಿಂದ ನೋಡ್ಕೊಂಡ್ ಬರ್ತೀನಿ. ಹೊಡಿ."

ಅವಳು ಹೊಡೆದಳು. ತಲೆಕೆಳಗು ಮಾಡಿದಳು. ಅವನು ನೋಡಿದ. ನೆಟ್ಟಗೆ ಮಾಡಿದಳು. ಅವನು ನೋಡಿದ. ನೆಟ್ಟಗಾದ ಕೂಡಲೇ ಆ ಅರ್ಧ ಅವನ ಕೈತಪ್ಪಿ ಹೋಗುತ್ತಿತ್ತು. ಈಗಷ್ಟೇ ಕಂಡದ್ದನ್ನು ನೆನಪಿನಲ್ಲಿ ಹಿಡಿದುಕೊಂಡು ಇದರ ಪಕ್ಕ ಇಟ್ಟು ನೋಡಬೇಕು. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಎರಡು ಸಲ ತಿರುಗಿಸಿ ತಿರುಗಿಸಿ ತೋರಿಸುವಂತೆ ಹೇಳಿದ. ಕೊನೆಗೆ ತಲೆಯೆತ್ತಿ ಅವಳ ಕಡೆ ನೋಡಿದ.

"ಸರೀನಾ?"

ಮೂವತ್ತು ವರ್ಷದ ಕಸುಬಿನಲ್ಲಿ ಅಣ್ಣ ಆ ಮಾತನ್ನು ಯಾರಿಗೂ ಕೇಳಿದವನಲ್ಲ. ಲೈಟಮ್ಮ ಬಾಗಿಲ ಕಡೆ ನೋಡಿದಳು. ಅತ್ತಿಗೆ ಬೇಡ ಎನ್ನುವಂತೆ ತಲೆಯನ್ನು ಒಂದಿಷ್ಟೇ ಆಡಿಸಿದಳು. ಸರಿ ಎಂದುಬಿಡು, ಇವತ್ತಿಗೆ ಸಾಕು ಎಂದು ಅದರ ಅರ್ಥ. ಅವಳ ಬಾಯಿಗೂ ಅದೇ ಬಂದಿತ್ತು, ನಾಲ್ಕು ತಿಂಗಳ ಅಭ್ಯಾಸ.

"ಇಲ್ಲ" ಎಂದಳು. "ಕಿವಿ ಇನ್ನೂ ಬೆಳ್ಳಗಿದೆ."

ಅಣ್ಣ ಬೆರಳು ಕೆಳಗೆ ಎಳೆದ. ಎಡಕ್ಕಿದ್ದ ಪೆಟ್ಟಿಗೆಯೊಳಗಿನ ಸಣ್ಣ ದೀಪ ಒಂದು ಮೆಟ್ಟಿಲು ಮಂಕಾಯಿತು. ಡ್ರೈವರ್ರು ಅದನ್ನು ನೋಡಿದರು, ಮತ್ತೆ ಕ್ಯಾಮೆರಾದ ಕಡೆ ತಿರುಗಿದರು.

"ಈಗ?"

"ಎಡ ಸರಿಯಾಯ್ತು. ಚಿಕ್ಕದು ಸಾಲದು."

"ಅರೆಕಾಲಾ?"

"ಹೊಡೆದು ನೋಡೋಣ."

ಅವತ್ತು ಅವನು ಒಂಬತ್ತು ಸಲ ಕೇಳಿದ. ಏಳು ಸಲ ಅವಳು ಇಲ್ಲ ಎಂದಳು. ಪ್ರತಿ ಸಲವೂ ಬಾಯಿ ಒಣಗುತ್ತಿತ್ತು, ಬೇರೆ ಏನೂ ಆಗುತ್ತಿರಲಿಲ್ಲ. ಎಂಟನೆಯ ಸಲ ಇರಬಹುದು ಎಂದಳು. ಒಂಬತ್ತನೆಯದಕ್ಕೆ ಹೂಂ ಎಂದಳು. ಅಣ್ಣ ಫೋನನ್ನು ಕೆಳಗಿಟ್ಟು, ಅವಳು ಹೇಳಿದ್ದು ನಿಜವೋ ಸುಳ್ಳೋ ಎಂದು ಅವಳ ಮುಖವನ್ನೇ ನೋಡಿದ. ಅವಳು ಅವನ ಬಲಕ್ಕೆ ಸರಿದು ನಿಂತಳು, ಪೂರ್ತಿ ಕಾಣಲಿ ಎಂದು.